ಪ್ರಸ್ಥಾನಕ್ಕೆ ಹೊರಟ ಕಾರು

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಸರ್ಕಾರಿ ಕಾರು, ಜೀಪು, ವ್ಯಾನುಗಳಿಗೆ ಏನೇ ಕಾಯಿಲೆ ಬಂದರೂ ೧೯೭೪ರಿಂದ ೧೯೭೮ರವರೆಗೆ ಅವು ನನ್ನ ಮುಂದೆಯೇ ಬಂದು ನಿಲ್ಲಬೇಕಿತ್ತು. ನಾನು ಆಗ ಮಂಡ್ಯದಲ್ಲಿ ಸರ್ಕಾರಿ ವಾಹನಗಳ ವರ್ಕ್‌ಶಾಪಿನ ಅಸಿಸ್ಟೆಂಟ್ ಎಂಜಿನಿಯರ್. ತಗಡಿನ ಸೂರಿನ ಎರಡು ಶೆಡ್ಡು, ಆರು ಜನ ಮೆಕ್ಯಾನಿಕ್ಕುಗಳು, ಬಾಗಿಲು ಸರಿಯಾಗಿ ಮುಚ್ಚದ ಒಂದು ಆಫೀಸು ಕೋಣೆ, ಇಷ್ಟು ನನ್ನ ಸಾಮ್ರಾಜ್ಯ. ರಿಪೇರಿಯ ಜೊತೆಗೆ ಇನ್ನೊಂದು ಕೆಲಸವೂ ನನ್ನ ಕೊರಳಿಗೆ ಬಿದ್ದಿತ್ತು. ವಾಹನ ಕೆಟ್ಟಾಗ ಅದು ಯಂತ್ರದ ದೋಷವೋ, ಡ್ರೈವರನ ತಪ್ಪೋ ಎಂದು ತಾಂತ್ರಿಕ ವರದಿ ಕೊಡುವುದು. ಗೇರ್ ಬಾಕ್ಸ್ ಬಿಚ್ಚು ಎಂದರೆ ಸಂತೋಷವಾಗಿ ಬಿಚ್ಚುತ್ತಿದ್ದೆ. ಇನ್ನೊಬ್ಬನ ಅನ್ನದ ಮೇಲೆ ವರದಿ ಬರೆ ಎಂದರೆ ನಾಳೆ ನಾಳೆ ಎಂದು ಮುಂದೂಡುತ್ತಿದ್ದೆ. ಆದರೂ ಸಂಬಳ ಎರಡೂ ಕೆಲಸಕ್ಕೆ ಸೇರಿಯೇ ಬರುತ್ತಿತ್ತು.

೧೯೭೬ರ ಸಂಕ್ರಾಂತಿ ಕಳೆದ ವಾರ ಒಂದು ಕಪ್ಪು ಅಂಬಾಸಿಡರ್ ಕಾರನ್ನು ಲಾರಿಗೆ ಕಟ್ಟಿ ಎಳೆದುಕೊಂಡು ಬಂದರು. ಅದು ಜಿಲ್ಲಾ ಮಟ್ಟದ ಒಬ್ಬ ಅಧಿಕಾರಿಯ ಕಾರು. ಯಾವ ಇಲಾಖೆ ಎನ್ನುವುದು ಬೇಡ, ಅಧಿಕಾರಿಯ ಹೆಸರು ಶೇಷಾದ್ರಿ ಎಂದಿಟ್ಟುಕೊಳ್ಳೋಣ. ಹಿಂದಿನ ದಿನ ಅವರು ಬೆಂಗಳೂರಿಗೆ ಮೀಟಿಂಗಿಗೆ ಹೋಗಿ ಹಿಂತಿರುಗುವಾಗ, ಚನ್ನಪಟ್ಟಣ ದಾಟುವಷ್ಟರಲ್ಲಿ ಎಣ್ಣೆಯ ಒತ್ತಡ ತೋರಿಸುವ ಕೆಂಪು ದೀಪ ಹತ್ತಿಕೊಂಡಿತ್ತು. ಹಿಂದೆಯೇ ಎಂಜಿನ್ನಿನಿಂದ ಲಟಲಟ ಸದ್ದು. ರಸ್ತೆ ಬದಿಯ ಮೆಕ್ಯಾನಿಕ್ಕೊಬ್ಬ ಬಂದು ಡಿಪ್‌ಸ್ಟಿಕ್ ಎಳೆದು ನೋಡಿದ. ಡಿಪ್‌ಸ್ಟಿಕ್ ಎಂದರೆ ಎಂಜಿನ್ನಿನ ತಳದಲ್ಲಿರುವ ಎಣ್ಣೆಯ ತೊಟ್ಟಿಗೆ ಇಳಿಬಿಟ್ಟ ಉದ್ದನೆಯ ಕಡ್ಡಿ. ಅದರ ಮೇಲೆ ಎರಡು ಗೆರೆ ಇರುತ್ತವೆ. ಮೇಲಿನ ಗೆರೆಗೆ ಎಣ್ಣೆ ಮುಟ್ಟಿದ್ದರೆ ಭರ್ತಿ, ಕೆಳಗಿನ ಗೆರೆಗಿಂತ ಇಳಿದರೆ ಅಪಾಯ. ಅವತ್ತು ಕಡ್ಡಿಯ ತುದಿ ಮಾತ್ರ ಒದ್ದೆಯಾಗಿತ್ತಂತೆ. ಇದ್ದಬದ್ದ ಎಣ್ಣೆಯನ್ನು ಅವನು ಅಲ್ಲೇ ಚರಂಡಿಗೆ ಇಳಿಸಿ, ಹೊಸದನ್ನು ಹಾಕಿ ನೋಡಿದರೂ ಸದ್ದು ನಿಂತಿರಲಿಲ್ಲ. ಬೇರಿಂಗ್‌ಗಳು ಸವೆದುಹೋಗಿದ್ದವು.

ಮಾರನೆಯ ದಿನ ಶೇಷಾದ್ರಿಯವರೇ ವರ್ಕ್‌ಶಾಪಿಗೆ ಬಂದರು. ಸಣಕಲು ಮೈ, ಇಸ್ತ್ರಿ ಕೆಡದ ಬಿಳಿ ಅಂಗಿ, ನಗುವುದಕ್ಕೂ ಮೇಲಧಿಕಾರಿಯ ಮಂಜೂರಾತಿ ಬೇಕು ಎನ್ನುವಂಥ ಮುಖ. ಲಂಚ ಮುಟ್ಟದ ಮನುಷ್ಯ ಎಂದು ಊರಿಗೇ ಗೊತ್ತಿತ್ತು. ನನ್ನ ಅನುಭವದಲ್ಲಿ ಅಂಥವರ ಸಿಟ್ಟಿಗೆ ಸಿಕ್ಕಿದವನ ಪಾಡು ಬೇರೆಯವರ ಸಿಟ್ಟಿಗೆ ಸಿಕ್ಕವನಿಗಿಂತ ಕಷ್ಟ.

"ಪ್ರತಿ ಭಾನುವಾರ ನಾನೇ ಬಾನೆಟ್ ತೆಗೆದು ಕಡ್ಡಿ ನೋಡ್ತೀನಿ," ಎಂದರು. "ವರ್ಷಕ್ಕೂ ಮೇಲಾಯ್ತು, ಮೇಲಿನ ಗೆರೆಯಿಂದ ಒಂದು ಕೂದಲೆಳೆ ಇಳಿದಿಲ್ಲ. ಮೊನ್ನೆ ಭಾನುವಾರವೂ ಭರ್ತಿ ಇತ್ತು. ಸಾಯಂಕಾಲ ಟೈರಿಗೆ ಗಾಳಿ ತುಂಬಿಸ್ಕೊಂಡು ಬರ್ತೀನಿ ಅಂತ ಮರೀಗೌಡ ಒಬ್ಬನೇ ಕಾರು ತಗೊಂಡು ಹೋದ. ಸೋಮವಾರ ಎಣ್ಣೆ ಇಲ್ಲ. ಕೆಳಗೆ ಸೋರಿದ ಗುರುತಿಲ್ಲ, ಹಿಂದೆ ಹೊಗೆ ಇಲ್ಲ. ಒಂದೇ ದಿನದಲ್ಲಿ ಆವಿಯಾಗಿ ಹೋಯ್ತೇನ್ರೀ?"

ಆಗ ಎಂಜಿನ್ ಎಣ್ಣೆಯ ಬೆಲೆ ಏರಿತ್ತು. ಸರ್ಕಾರಿ ಗಾಡಿಗಳಿಂದ ಇಳಿಸಿ ಮಾರುವವರೂ ಇದ್ದರು, ಇಲ್ಲವೆನ್ನಲಾರೆ. ಮೇಲಾಗಿ ಅದು ತುರ್ತುಪರಿಸ್ಥಿತಿಯ ಕಾಲ. ಸಣ್ಣ ದೂರಿಗೂ ನೌಕರಿ ಹೋಗಬಹುದು ಎಂದು ಎಲ್ಲರೂ ಮೈಯೆಲ್ಲಾ ಕಣ್ಣಾಗಿ ಓಡಾಡುತ್ತಿದ್ದರು. ಡ್ರೈವರ್ ಮರೀಗೌಡನನ್ನು ಆಗಲೇ ಸಸ್ಪೆಂಡ್ ಮಾಡಿಯಾಗಿತ್ತು. ಇನ್ನು ನನ್ನ ತಾಂತ್ರಿಕ ವರದಿ ಹೋದರೆ ವಿಚಾರಣೆ ಮುಗಿಸಿ ಮನೆಗೆ ಕಳಿಸುವುದಷ್ಟೇ ಬಾಕಿ.

ಮರೀಗೌಡ ಅಂದು ಸಂಜೆಯೇ ನನ್ನನ್ನು ನೋಡಲು ಬಂದ. ಮಂಡ್ಯಕ್ಕೆ ಅಂಟಿಕೊಂಡೇ ಇರುವ ಗುತ್ತಲಿನವನು, ನಲವತ್ತರ ಆಸುಪಾಸು, ದಪ್ಪ ಮೀಸೆ. ಇಂಥ ಸಂದರ್ಭದಲ್ಲಿ ಜನ ಕಾಲಿಗೆ ಬೀಳುತ್ತಾರೆ, ಹೆಂಡತಿ ಮಕ್ಕಳ ಹೆಸರು ಹೇಳುತ್ತಾರೆ. ಅವನು ಅದೇನನ್ನೂ ಮಾಡದೆ ಬಾಗಿಲ ಬಳಿಯೇ ನಿಂತುಕೊಂಡ.

"ಕೆಲ್ಸ ಓದ್ರೆ ಒಟ್ಟೆಗೇನ್ ಕಮ್ಮಿ ಇಲ್ಲ ಸಾ," ಎಂದ. "ನಾಲೆ ಕೆಳ್ಗೆ ಗದ್ದೆ ಐತೆ, ನಮ್ ಅಣ್ಣ ಮಾಡ್ತಾವ್ನೆ. ಆದ್ರೆ ನೀರು ಸರದಿ ಮ್ಯಾಲೆ ಬುಡದು ಅಲ್ವಾ ಸಾ ನಮ್ ಕಡೆ? ಇವತ್ ನನ್ ಸರದಿ ಅಂತ ನಾನು ತೂಬಿನ್ ತಾವ ನಿಂತ್ರೆ ಯಾರ್ ನಂಬ್ತಾರೆ? ಎಣ್ಣೆ ಕದ್ದೋನು ನೀರು ಕದಿಯಾಕಿಲ್ವಾ ಅಂತಾರೆ. ಆಗ್ಲೇ ಒಬ್ಬ ಅಂದೂ ಬುಟ್ಟ."

ನಾನು ಬೆಳೆದದ್ದು ಪೇಟೆಯಲ್ಲಿ. ಆದರೆ ಮಂಡ್ಯದಲ್ಲಿ ಎರಡು ವರ್ಷ ಇದ್ದವನಿಗೆ ಆ ಮಾತಿನ ತೂಕ ಗೊತ್ತಾಗದೆ ಇರುವುದಿಲ್ಲ. ನಾಲೆಯ ನೀರು ಒಂದು ಗದ್ದೆಯಿಂದ ಇನ್ನೊಂದು ಗದ್ದೆಗೆ ಹೋಗುವುದು ಬಾಯಿಮಾತಿನ ನಂಬಿಕೆಯ ಮೇಲೆ. ಆ ನಂಬಿಕೆ ಹೋದವನು ತನ್ನದೇ ಹೊಲದಲ್ಲಿ ಪರದೇಶಿ.

"ನೀನು ಮುಟ್ಟಿಲ್ಲ ತಾನೆ?" ಎಂದೆ.

"ಒಂದ್ ತೊಟ್ಟೂ ಮುಟ್ಟಿಲ್ಲ ಸಾ."

ನನಗೆ ನಂಬಿಕೆ ಬಂತು. ಆದರೆ ವರದಿಯಲ್ಲಿ 'ನನಗೆ ನಂಬಿಕೆ ಬಂತು' ಎಂದು ಬರೆಯಲಾಗುವುದಿಲ್ಲವಲ್ಲ.

ನಿಜ ಹೇಳಬೇಕೆಂದರೆ, ಶೇಷಾದ್ರಿಯವರು ಹೇಳಿದ ಮಾತೇ ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ವರ್ಷಕ್ಕೂ ಮೇಲೆ ಓಡಿದ ಎಂಜಿನ್ನಿನಲ್ಲಿ ಎಣ್ಣೆ ಒಂದು ಕೂದಲೆಳೆಯೂ ಇಳಿಯಲಿಲ್ಲ ಎಂದರೆ ಏನರ್ಥ? ಎಂಥ ಒಳ್ಳೆಯ ಎಂಜಿನ್ನೂ ಸ್ವಲ್ಪ ಎಣ್ಣೆ ಕುಡಿಯುತ್ತದೆ. ಅದು ಇಳಿಯದಿರುವುದು ಅವರಿಗೆ ಹೆಮ್ಮೆಯ ವಿಷಯವಾಗಿತ್ತು. ನನಗೆ ಅದೇ ಅನುಮಾನದ ವಿಷಯವಾಯಿತು.

ಇಲ್ಲಿ ಸ್ವಲ್ಪ ಎಂಜಿನ್ ಪಾಠ ಹೇಳಬೇಕು, ಬೇಸರ ಮಾಡಿಕೊಳ್ಳಬಾರದು. ತಣ್ಣಗಿರುವ ಎಂಜಿನ್ ಹೊತ್ತಿಕೊಳ್ಳಬೇಕಾದರೆ ಆಗಿನ ಕಾರುಗಳಲ್ಲಿ ಚೋಕ್ ಎಂಬ ಗುಂಡಿಯನ್ನು ಎಳೆಯಬೇಕಿತ್ತು. ಎಳೆದರೆ ಗಾಳಿ ಕಡಿಮೆಯಾಗಿ ಪೆಟ್ರೋಲ್ ಹೆಚ್ಚು ಹೋಗುತ್ತದೆ. ಹೀಗೆ ಹೆಚ್ಚಾಗಿ ಹೋದ ಪೆಟ್ರೋಲ್ ಎಲ್ಲವೂ ಉರಿಯುವುದಿಲ್ಲ. ಒಂದಿಷ್ಟು ಸಿಲಿಂಡರಿನ ಗೋಡೆಯ ಮೇಲಿಂದ ಜಾರಿ ಕೆಳಗಿನ ಎಣ್ಣೆಯ ತೊಟ್ಟಿಗೆ ಸೇರುತ್ತದೆ. ತಣ್ಣನೆಯ ಲೋಹಕ್ಕೆ ತಾಗಿ ಹನಿಯಾದ ನೀರೂ ಸೇರುತ್ತದೆ. ಕಾರು ಇಪ್ಪತ್ತು ಮೂವತ್ತು ಕಿಲೋಮೀಟರ್ ಓಡಿದರೆ ಎಣ್ಣೆ ಚೆನ್ನಾಗಿ ಕಾದು, ಈ ಪೆಟ್ರೋಲೂ ನೀರೂ ಆವಿಯಾಗಿ ಹೊರಗೆ ಹೋಗುತ್ತವೆ. ಬರೀ ಒಂದು ಕಿಲೋಮೀಟರ್ ಓಡಿ ನಿಂತರೆ? ಎಣ್ಣೆ ಕಾಯುವುದೇ ಇಲ್ಲ. ಸೇರಿದ್ದು ಅಲ್ಲೇ ಉಳಿಯುತ್ತದೆ. ಎಣ್ಣೆ ಅತ್ತ ಸವೆಯುತ್ತಿರುತ್ತದೆ, ಪೆಟ್ರೋಲ್ ಇತ್ತ ತುಂಬುತ್ತಿರುತ್ತದೆ. ಕಡ್ಡಿ ಮಾತ್ರ 'ಭರ್ತಿ' ಎನ್ನುತ್ತಲೇ ಇರುತ್ತದೆ.

ಶೇಷಾದ್ರಿಯವರ ಕಾರು ಓಡಾಡುತ್ತಿದ್ದದ್ದು ಮನೆಯಿಂದ ಆಫೀಸಿಗೆ, ಒಂದು ಕಿಲೋಮೀಟರಿಗೂ ಕಡಿಮೆ. ಹಳ್ಳಿಗಳ ಟೂರಿಗೆ ಇಲಾಖೆಯ ಜೀಪು ಬೇರೆ ಇತ್ತು. ಆ ಸೋಮವಾರ ಜೀಪು ನಮ್ಮ ಶೆಡ್ಡಿನಲ್ಲೇ ಮಲಗಿದ್ದರಿಂದ ಬೆಂಗಳೂರಿಗೆ ಕಾರು ಹೋಗಿತ್ತು. ಐದು ಸಾವಿರ ಕಿಲೋಮೀಟರಿಗೊಮ್ಮೆ ಎಣ್ಣೆ ಬದಲಿಸಿ ಎಂದು ಕಾರಿನ ಕೈಪಿಡಿಯಲ್ಲಿತ್ತು. ಹಿಂದಿನ ಸಲ ಬದಲಿಸಿದ ಮೇಲೆ ಕಾರು ಎರಡು ಸಾವಿರವನ್ನೂ ಮುಟ್ಟಿರಲಿಲ್ಲ. ಸರ್ಕಾರದ ಒಂದು ಪೈಸೆಯನ್ನೂ ದಂಡ ಮಾಡದ ಸಾಹೇಬರು ಅವಧಿಗೆ ಮುಂಚೆ ಎಣ್ಣೆ ಬದಲಿಸುವುದುಂಟೆ!

ಆದರೂ ನನ್ನ ಲೆಕ್ಕ ಕೂಡಿಬರಲಿಲ್ಲ. ಬೆಳಿಗ್ಗೆ ಆಫೀಸಿಗೆ, ಮಧ್ಯಾಹ್ನ ಊಟಕ್ಕೆ, ಮತ್ತೆ ಆಫೀಸಿಗೆ, ಸಂಜೆ ಮನೆಗೆ. ಮರೀಗೌಡ ಹೇಳಿದ್ದು ಇಷ್ಟೇ. ಮಂಡ್ಯದ ಬಿಸಿಲಿನಲ್ಲಿ ಮಧ್ಯಾಹ್ನ ಚೋಕ್ ಎಳೆಯುವ ಅಗತ್ಯವೂ ಇರುವುದಿಲ್ಲ. ಇಷ್ಟರಿಂದಲೇ ಒಂದು ಲೀಟರಿಗೂ ಮೇಲೆ ಎಣ್ಣೆಯ ಜಾಗದಲ್ಲಿ ಪೆಟ್ರೋಲ್ ಬಂದು ಕೂತಿತೇ? ಪರೀಕ್ಷೆ ಮಾಡೋಣ ಎಂದರೆ ಆ ಹಳೆಯ ಎಣ್ಣೆ ಚನ್ನಪಟ್ಟಣದ ಚರಂಡಿಯಲ್ಲಿ ಎಂದೋ ಹರಿದುಹೋಗಿತ್ತು.

ಬೇರಿಂಗ್ ಬದಲಿಸಿ, ಹೊಸ ಎಣ್ಣೆ ತುಂಬಿ ಕಾರನ್ನು ಸಿದ್ಧಮಾಡಿದೆವು. ನಾನು ಶೇಷಾದ್ರಿಯವರಲ್ಲಿ ಹೋಗಿ, ವರದಿಗೆ ಆರು ವಾರ ಸಮಯ ಬೇಕು ಎಂದು ಕೇಳಿದೆ. ಎಣ್ಣೆ ಹಾಕುವ ಮುಚ್ಚಳ, ಕಡ್ಡಿ, ಕೆಳಗೆ ಎಣ್ಣೆ ಇಳಿಸುವ ಪ್ಲಗ್ಗು, ಎಣ್ಣೆ ಮೇಲಿನ ಗೆರೆಗಿದೆ ಎಂದು ನಿಮಗೆ ತೋರಿಸಿಯೇ ಈ ಮೂರಕ್ಕೂ ತಂತಿ ಬಿಗಿದು ಸೀಸದ ಸೀಲು ಒತ್ತುತ್ತೇನೆ, ಕಾರು ಎಂದಿನಂತೆ ಓಡಾಡಲಿ, ಆಮೇಲೆ ನಿಮ್ಮ ಎದುರಿನಲ್ಲೇ ಸೀಲು ಒಡೆಯೋಣ ಎಂದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಕಳ್ಳನನ್ನ ಉಳಿಸೋಕೆ ಆಟ ಆಡ್ತಿದ್ದೀರಿ ಅಂತ ಗೊತ್ತಾದ್ರೆ ನಿಮ್ಮ ಮೇಲೂ ಬರೀತೀನಿ," ಎಂದರು. "ಆರು ವಾರ ತಗೊಳ್ಳಿ."

ಕಾರು ಒಪ್ಪಿಸಿದ ಒಂದೆರಡು ದಿನಕ್ಕೆ, ಸೀಲುಗಳು ಸರಿಯಾಗಿ ಕೂತಿವೆಯೇ ಎಂದು ನೋಡಲು ಬೆಳಗಾಗುತ್ತಲೇ ಅವರ ಮನೆಗೆ ಹೋದೆ. ಕಾರು ಮನೆಯಲ್ಲಿರಲಿಲ್ಲ. ಅರವತ್ತು ಮಾರು ಆಚೆ, ವಕೀಲರೊಬ್ಬರ ಮನೆಯ ಗೇಟಿನ ಮುಂದೆ ನಿಂತಿತ್ತು. ಬದಲಿ ಡ್ರೈವರ್ ಅದನ್ನು ಅಲ್ಲಿ ಬಿಟ್ಟು ವಾಪಸ್ಸು ನಡೆದು ಬರುತ್ತಿದ್ದ. ಮನೆಯ ಗೇಟಿನಲ್ಲಿ ಶೇಷಾದ್ರಿಯವರ ತಾಯಿ ರುಕ್ಮಿಣಮ್ಮನವರು ಒಂಬತ್ತು ಗಜದ ಸೀರೆ ಉಟ್ಟು, ಕೈಯಲ್ಲಿ ಅರಿಶಿನ ಕುಂಕುಮದ ಬಟ್ಟಲು ಹಿಡಿದು ನಿಂತಿದ್ದರು.

"ಕಾರು ಯಾಕಮ್ಮಾ ಅಲ್ಲಿ?" ಎಂದು ಕೇಳಿದೆ.

"ಪ್ರಸ್ಥಾನ ಕಣಪ್ಪಾ," ಎಂದರು, ಇಷ್ಟೂ ಗೊತ್ತಿಲ್ಲವೇ ಎನ್ನುವಂತೆ.

ಪ್ರಸ್ಥಾನ ಎಂದರೆ ನಮ್ಮ ಹಿರಿಯರ ಒಂದು ಉಪಾಯ. ಪ್ರಯಾಣ ಹೊರಡಬೇಕಾದ ಹೊತ್ತು ಚೆನ್ನಾಗಿಲ್ಲದಿದ್ದರೆ, ಮೊದಲೇ ಒಳ್ಳೆಯ ಗಳಿಗೆ ನೋಡಿ ಒಂದು ಗಂಟನ್ನೋ ಚೀಲವನ್ನೋ ಪಕ್ಕದ ಮನೆಯಲ್ಲಿ ಇಟ್ಟು ಬರುವುದು. ಅಲ್ಲಿಗೆ ಪ್ರಯಾಣ ಒಳ್ಳೆಯ ಗಳಿಗೆಯಲ್ಲಿ ಶುರುವಾದ ಹಾಗೆ. ಆಮೇಲೆ ಯಾವಾಗ ಹೊರಟರೂ ಬಾಧಕವಿಲ್ಲ.

"ಹಿಂದಿನ ಊರಲ್ಲಿ ಇವನು ರಾಹುಕಾಲದಲ್ಲಿ ಹೊರಟು ಜೀಪು ಹಳ್ಳಕ್ಕೆ ಬಿತ್ತಪ್ಪ. ದೇವರು ದೊಡ್ಡವನು, ಕೈಮುರಿದದ್ದರಲ್ಲೇ ಕಳೀತು. ಆವತ್ತಿಂದ ನಾನೇ ಹೀಗೆ ಮಾಡಿಸ್ತೀನಿ. ದಿನಾ ಪಂಚಾಂಗ ನೋಡ್ಕೊಂಡು ಯಾರು ಕೂತಿರ್ತಾರೆ? ಸೂರ್ಯ ಹುಟ್ಟೋ ಹೊತ್ತಿಗೆ ಕಾರನ್ನೇ ಹೊರಡಿಸಿಬಿಟ್ರೆ ಆಯ್ತು. ಮಧ್ಯಾಹ್ನ ಮಲಗೆದ್ದು ಹೋಗುವಾಗಲೂ ಅಷ್ಟೆ, ಸಂಜೆ ಎಲ್ಲಾದರೂ ಹೋಗೋದಿದ್ರೂ ಅಷ್ಟೆ. ಮರೀಗೌಡ ಒಂದು ದಿನ ತಪ್ಪಿಸಿದವನಲ್ಲ. ಈ ಹೊಸಬ ಗೊಣಗ್ತಾನೆ."

ನನಗೆ ಅಲ್ಲೇ ಕುಣಿಯಬೇಕು ಎನ್ನಿಸಿತು. ಅಂಥ ಗಂಭೀರ ಮನುಷ್ಯ ನಾನೇನಲ್ಲವಾದರೂ ಸರ್ಕಾರಿ ನೌಕರಿಯ ಮರ್ಯಾದೆಗೆ ಸುಮ್ಮನಿದ್ದೆ. ರಾತ್ರಿಯೆಲ್ಲ ತಣ್ಣಗಾದ ಎಂಜಿನ್ನಿಗೆ ಪೂರ್ತಿ ಚೋಕ್ ಎಳೆದು ಹೊತ್ತಿಸುವುದು, ಅರವತ್ತು ಮಾರು ಹೋಗಿ ನಿಲ್ಲಿಸುವುದು. ಮತ್ತೆ ಮೂರು ಗಂಟೆ ಬಿಟ್ಟು, ತಣ್ಣಗಾದ ಮೇಲೆ, ಆಫೀಸಿಗೆ. ಎಂಜಿನ್ನಿಗೆ ಇದಕ್ಕಿಂತ ಕೆಟ್ಟ ದಿನಚರಿಯನ್ನು ಶತ್ರುವೂ ಹಾಕಿಕೊಡಲಾರ. ನಾನು ಅವರಿಗೆ ಏನೂ ಹೇಳದೆ, "ಹಾಗೇ ನಡೆಸ್ಕೊಂಡು ಹೋಗಿ ಅಮ್ಮಾ, ಒಂದು ದಿನವೂ ತಪ್ಪಿಸಬೇಡಿ," ಎಂದೆ. ಅವರು ಬಹಳ ಮೆಚ್ಚಿ ಕಾಫಿ ಕೊಟ್ಟರು.

ಮರೀಗೌಡ ಸಿಕ್ಕಾಗ, ಇದನ್ನು ಯಾಕಯ್ಯಾ ಹೇಳಲಿಲ್ಲ ಎಂದು ಗದರಿಸಿದೆ.

"ಅದು ಅಮ್ನೋರ ಸಾಸ್ತ್ರ ಸಾ. ಅದ್ಕೂ ಎಣ್ಣೆಗೂ ಏನ್ ಸಂಬಂದ? ಓಗಿ ಎನ್‌ಕ್ವೈರೀಲಿ ಏಳುದ್ರೆ ನಗಾಡಲ್ವಾ ಜನ? ವಯಸ್ಸಾದೋರು, ಅವ್ರ ಮಾನ ಕಳಿಯಾದಾ?" ಎಂದ.

ತನ್ನ ಕುತ್ತಿಗೆಗೆ ಬಂದಿರುವಾಗ ಯಜಮಾನರ ತಾಯಿಯ ಮಾನದ ಚಿಂತೆ! ಅವನ ಮೇಲೆ ಸಿಟ್ಟೂ ಬಂತು, ಅದಕ್ಕಿಂತ ಹೆಚ್ಚಾಗಿ ಇವನನ್ನು ಹೇಗಾದರೂ ಉಳಿಸಲೇಬೇಕು ಎಂಬ ಹಟವೂ ಬಂತು.

ಆ ಆರು ವಾರ ನನಗೆ ನೆಮ್ಮದಿ ಇರಲಿಲ್ಲ. ಫೆಬ್ರವರಿ ಬಂದಂತೆ ಬೆಳಗಿನ ಚಳಿ ಕಡಿಮೆಯಾಗುತ್ತಿತ್ತು. ಚಳಿ ಹೋದರೆ ಚೋಕ್ ಕಡಿಮೆ, ಚೋಕ್ ಕಡಿಮೆಯಾದರೆ ನನ್ನ ಸಾಕ್ಷಿಯೂ ಕಡಿಮೆ. ಊರಿನವರೆಲ್ಲ ಚಳಿ ಹೋಯಿತು ಎಂದು ಸಂತೋಷಪಡುತ್ತಿದ್ದರೆ ನಾನೊಬ್ಬ ಆಕಾಶ ನೋಡಿ ಹಲ್ಲು ಕಡಿಯುತ್ತಿದ್ದೆ. ಹೊಸ ಬೇರಿಂಗಿನ ಎಂಜಿನ್ ಬೇರೆ. ವರ್ಷದಲ್ಲಿ ಆದದ್ದು ಆರು ವಾರದಲ್ಲಿ ಕಣ್ಣಿಗೆ ಕಾಣುವಷ್ಟು ಆಗುತ್ತದೆಯೇ ಎಂದು ಖಾತ್ರಿ ಇರಲಿಲ್ಲ. ಆಗದಿದ್ದರೆ, ಮರೀಗೌಡನನ್ನು ಉಳಿಸಲು ಹೋಗಿ ಅವನ ವಿರುದ್ಧ ನಾನೇ ಪುರಾವೆ ಒದಗಿಸಿದ ಹಾಗಾಗುತ್ತಿತ್ತು.

ಶಿವರಾತ್ರಿ ಕಳೆದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಶೇಷಾದ್ರಿಯವರ ಅಂಗಳದಲ್ಲಿ, ಸಮತಟ್ಟಾದ ಜಾಗ ನೋಡಿ ಕಾರು ನಿಲ್ಲಿಸಿದೆವು. ಅವರು ಸೀಲುಗಳನ್ನು ಒಂದೊಂದಾಗಿ ಬಗ್ಗಿ ನೋಡಿ, ಸರಿ ಇವೆ ಎಂದರು. ಕಡ್ಡಿಯ ಸೀಲು ಒಡೆದು, ಎಳೆದು, ಒರೆಸಿ, ಮತ್ತೆ ಇಳಿಸಿ ತೆಗೆದೆ. ಎಣ್ಣೆ ಮೇಲಿನ ಗೆರೆಯಲ್ಲಿರಲಿಲ್ಲ. ಗೆರೆ ದಾಟಿ ಒಂದು ಬೆರಳಿನ ಅಗಲ ಮೇಲಕ್ಕೆ ಹತ್ತಿತ್ತು.

"ನಾನು ತುಂಬಿದ್ದು ಗೆರೆಯವರೆಗೆ," ಎಂದೆ. "ನೀವೇ ನೋಡಿದ್ದಿರಿ. ಕದಿಯೋನು ಇಳಿಸ್ತಾನೆ ಸರ್, ಯಾರೂ ಸೀಲಿನೊಳಗೆ ತೂರಿ ಎಣ್ಣೆ ತುಂಬಿ ಹೋಗೋದಿಲ್ಲ. ಮೂಸಿ ನೋಡಿ, ಪೆಟ್ರೋಲ್ ವಾಸನೆ ಬರುತ್ತೆ."

"ಕಾರಿನಲ್ಲಿ ಪೆಟ್ರೋಲ್ ವಾಸನೆ ಬರದೆ ಸೀಗೆಕಾಯಿ ವಾಸನೆ ಬರುತ್ತೇನ್ರೀ?" ಎಂದರು. ಆದರೆ ಅವರ ದನಿಯಲ್ಲಿ ಹಿಂದಿನ ಬಿಗಿ ಇರಲಿಲ್ಲ. ಕಡ್ಡಿಯನ್ನು ಎರಡು ಸಲ ತಾವೇ ಇಳಿಸಿ ನೋಡಿದರು.

ನಾನು ಚೋಕು, ಚಳಿ, ಪ್ರಸ್ಥಾನ ಎಲ್ಲವನ್ನೂ ವಿವರಿಸಿದೆ. ಅವರು ಇನ್ನೂ ಯೋಚಿಸುತ್ತಿರುವಾಗ ಜಗಲಿಯ ಮೇಲಿದ್ದ ರುಕ್ಮಿಣಮ್ಮನವರು ಬಾಯಿ ಹಾಕಿದರು.

"ಹಾಲಿಗೆ ನೀರು ಬೆರೆಸಿದ ಹಾಗೆ ಅಂತೀಯಾ?"

"ಹೌದಮ್ಮ. ನೋಡೋಕೆ ಪಾತ್ರೆ ತುಂಬ ಇರುತ್ತೆ."

"ಅಂಥಾ ಹಾಲನ್ನ ಒಲೆ ಮೇಲಿಟ್ರೆ ಇಂಗಿ ಇಂಗಿ ಅರ್ಧಕ್ಕೆ ಬರುತ್ತೆ," ಎಂದರು. ಆಮೇಲೆ ಅವರ ಮುಖ ಇಳಿದುಹೋಯಿತು. "ಹಾಗಾದ್ರೆ ಬೆಂಗಳೂರಿಗೆ ಹೋದಾಗ ಕಾದು ಇಂಗಿತು. ನಾನು ಪ್ರಸ್ಥಾನ ಮಾಡಿಸಿ ಮಾಡಿಸಿ ಮರೀಗೌಡನ ಕೆಲಸ ಕಳೆದೆನೇನೋ?"

"ಅಮ್ಮಾ, ಇನ್ನೂ ಏನೂ ಸಾಬೀತಾಗಿಲ್ಲ. ಕಾಯಿಸಿದರೆ ಇಳಿಯುತ್ತೆ ಅನ್ನೋದನ್ನ ನೋಡಬೇಕು," ಎಂದರು ಮಗ.

ಅದೇ ನನಗೂ ಬೇಕಾಗಿತ್ತು. ಕಡ್ಡಿಗೆ ಹೊಸ ಸೀಲು ಒತ್ತಿದೆ. ಮದ್ದೂರಿನ ಮೇಲೆ ಮಳವಳ್ಳಿಗೆ ಹೋಗಿ ಅದೇ ದಾರಿಯಲ್ಲಿ ಬರುವುದು, ಸುಮಾರು ನೂರು ಕಿಲೋಮೀಟರ್. ಬೇರೆಯವರ ಕೈ ಬೇಡವೆಂದು ನಾನೇ ಓಡಿಸುವುದೆಂದೂ ಶೇಷಾದ್ರಿಯವರು ಪಕ್ಕದಲ್ಲಿ ಕೂರುವುದೆಂದೂ ಮಾತಾಯಿತು. ಅಷ್ಟರಲ್ಲಿ ರುಕ್ಮಿಣಮ್ಮನವರು ಒಂದು ಡಬ್ಬಿ ಪುಳಿಯೋಗರೆ ಹಿಡಿದು ಹಿಂದಿನ ಸೀಟಿನಲ್ಲಿ ಕೂತಾಗಿತ್ತು.

"ಅಮ್ಮಾ, ಇದು ಸರ್ಕಾರಿ ಗಾಡಿ," ಎಂದರು ಶೇಷಾದ್ರಿ.

"ನಾನು ಸಾಕ್ಷಿ ಕಣೋ. ನಡೀರಿ," ಎಂದರು ತಾಯಿ. ಅವತ್ತು ಯಾರೂ ಪಂಚಾಂಗ ನೋಡಲಿಲ್ಲ.

ಮದ್ದೂರು ಬಂತು. ಬಸ್ ಸ್ಟ್ಯಾಂಡಿನ ಹತ್ತಿರ ವಡೆಯ ಪರಿಮಳ ಬಂದಾಗ ಸಾಹೇಬರು ನನ್ನ ಕಡೆ ತಿರುಗಿದರು. ನಾನು ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಎಂಜಿನ್ ಆರುತ್ತದೆ. ಅಲ್ಲಿಂದ ಮಳವಳ್ಳಿಯ ರಸ್ತೆ ಹಿಡಿದೆವು. ಎರಡೂ ಕಡೆ ಕಬ್ಬು, ಎದುರಿಗೆ ಎತ್ತಿನ ಗಾಡಿಗಳ ಸಾಲು. ಚಿಕ್ಕರಸಿನಕೆರೆಯ ಕಡೆ ತಿರುಗುವಲ್ಲಿ, ಒಂದು ನಿಮಿಷ ಇಳಿದು ದೇವಸ್ಥಾನಕ್ಕೆ ಹೋಗಿ ಬರ್ತೀನಿ ಎಂದು ಹಿಂದಿನಿಂದ ದನಿ ಬಂತು. "ಎಂಜಿನ್ ಆರುತ್ತಮ್ಮಾ," ಎಂದೆ. ಅವರು ಕಿಟಕಿಯಿಂದಲೇ ಆ ದಿಕ್ಕಿಗೆ ಕೈಮುಗಿದು, ಗಟ್ಟಿಯಾಗಿ, "ಆ ಮರೀಗೌಡನ ಎಣ್ಣೆ ಇಳಿಸಪ್ಪಾ," ಎಂದರು. ಅಂಥ ಹರಕೆಯನ್ನು ಆ ದೇವರು ಮೊದಲ ಸಲ ಕೇಳಿರಬೇಕು.

ಮಳವಳ್ಳಿಯಲ್ಲಿ ಸಾಹೇಬರಿಗೆ ತಡೆಯಲಾಗಲಿಲ್ಲ, ಈಗಲೇ ನೋಡಬೇಕು ಎಂದರು. ಹತ್ತು ನಿಮಿಷ ನಿಲ್ಲಿಸಿ ಸೀಲು ಒಡೆದು ಕಡ್ಡಿ ತೆಗೆದೆ. ಎಣ್ಣೆ ಇಳಿದಿತ್ತು, ಆದರೆ ಒಂದು ದಾರದಷ್ಟು. ಗೆರೆಗಿಂತ ಇನ್ನೂ ಮೇಲೆಯೇ ಇತ್ತು.

"ಇಷ್ಟೇನಾ?" ಎಂದರು ಶೇಷಾದ್ರಿ.

ಇಷ್ಟೇ ಆದರೆ ಇದು ವರದಿಗೆ ಸಾಲದು. ಗೆರೆಯಿಂದ ಕಡ್ಡಿಯ ತುದಿಯವರೆಗೆ ಎಣ್ಣೆ ಇಳಿದದ್ದಕ್ಕೆ ಈ ದಾರದೆಳೆಯನ್ನು ಯಾರು ಕಾರಣ ಎಂದು ಒಪ್ಪುತ್ತಾರೆ? ಎಣ್ಣೆ ಕಾಯುವುದಕ್ಕೇ ಮದ್ದೂರಿನವರೆಗಿನ ದಾರಿ ಬೇಕು, ಆವಿಯಾಗುವುದು ಶುರುವಾಗುವುದೇ ಆಮೇಲೆ ಎಂದು ಏನೇನೋ ಹೇಳಿದೆ. ನನ್ನ ಮಾತು ನನಗೇ ನೆಪದಂತೆ ಕೇಳಿಸಿತು. ಅವಸರದಲ್ಲಿ ನಾಲ್ಕು ತುತ್ತು ಪುಳಿಯೋಗರೆ ತಿಂದೆವು. ಮತ್ತೆ ಸೀಲು ಒತ್ತಿ, ನೆತ್ತಿಯ ಬಿಸಿಲಲ್ಲಿ ಹೊರಟೆವು. ಹಿಂತಿರುಗುವಾಗ ಎಲ್ಲಿಯೂ ನಿಧಾನಿಸದೆ, ಗಾಡಿಗಳು ಕಡಿಮೆ ಇದ್ದ ಕಡೆ ವೇಗವಾಗಿಯೇ ಓಡಿಸಿದೆ. ಗೆಜ್ಜಲಗೆರೆಯ ಹತ್ತಿರ ಎಣ್ಣೆಯ ಕಮಟು ಒಳಗೆ ಬಂತು. ಎಂಜಿನ್ನಿನ ಉಸಿರುಗೊಳವೆಯಿಂದ ಆವಿ ಹೊರಬರುತ್ತಿತ್ತು. ಬೇರೆ ದಿನವಾಗಿದ್ದರೆ ಮೂಗು ಮುಚ್ಚಿಕೊಳ್ಳುತ್ತಿದ್ದ ನಾನು ಅದನ್ನು ಎದೆ ತುಂಬ ಎಳೆದುಕೊಂಡೆ.

ಮನೆಯ ಅಂಗಳದಲ್ಲಿ ಮೊದಲು ನಿಂತಿದ್ದ ಜಾಗದಲ್ಲೇ ಕಾರು ನಿಲ್ಲಿಸಿದೆ. ಎಣ್ಣೆ ಕೆಳಗೆ ಇಳಿದು ನಿಲ್ಲಲಿ ಎಂದು ಅರ್ಧ ಗಂಟೆ ಕಾಯ್ದೆವು. ಕಡ್ಡಿಯನ್ನು ನಾನು ಮುಟ್ಟಲಿಲ್ಲ, ನೀವೇ ತೆಗೆಯಿರಿ ಎಂದೆ. ಶೇಷಾದ್ರಿಯವರು ತಮ್ಮ ಬಿಳಿ ಕರ್ಚೀಫಿನಲ್ಲಿ ಒರೆಸಿ, ಇಳಿಸಿ, ತೆಗೆದು ಬಿಸಿ‌ಲಿಗೆ ಹಿಡಿದರು. ಎಣ್ಣೆ ಮೇಲಿನ ಗೆರೆಯನ್ನು ಬಿಟ್ಟು, ಎರಡು ಗೆರೆಗಳ ನಡುವಿನ ಅರ್ಧಕ್ಕೂ ಕೆಳಗೆ ಬಂದು ನಿಂತಿತ್ತು. ನೆಲದ ಮೇಲೆ ಒಂದು ತೊಟ್ಟೂ ಬಿದ್ದಿರಲಿಲ್ಲ, ಉಳಿದೆರಡು ಸೀಲುಗಳು ಇದ್ದ ಹಾಗೇ ಇದ್ದವು.

ನಾನು ಜಗಲಿಯ ಮೇಲೆ ಕೂತುಬಿಟ್ಟೆ. ಮನಸ್ಸು ಅಷ್ಟು ಹಗುರವಾದದ್ದು ನನ್ನ ನೌಕರಿಯಲ್ಲಿ ಮತ್ತೆ ಎಂದೂ ಇಲ್ಲ.

"ಆರು ವಾರಕ್ಕೇ ಇಷ್ಟು," ಎಂದೆ. "ವರ್ಷದ್ದು ಎಷ್ಟಿರಬೇಕು ನೋಡಿ ಸರ್. ಅವತ್ತು ನೀವು ಕೇಳಿದ್ದು ಸರಿಯಾಗಿತ್ತು. ಅದು ಆವಿಯಾಗಿಯೇ ಹೋಯಿತು."

ಅವರು ಕಡ್ಡಿಯನ್ನು ಒರೆಸಿ ವಾಪಸ್ಸು ಇಳಿಸಿದರು. "ನಾನೇ ಕಣ್ಣಾರೆ ನೋಡಿದ್ದೆ ಅಂತ ಬರೆದುಕೊಟ್ಟಿದ್ದೀನಲ್ರೀ," ಎಂದರು. ಆಮೇಲೆ ನನ್ನನ್ನೂ ಕರೆದುಕೊಂಡು ಗುತ್ತಲಿಗೆ ನಡೆದೇ ಹೊರಟರು. ಕಾರಿನಲ್ಲಿ ಹೋಗೋಣ ಎಂದರೆ ಬೇಡ ಎಂದರು. ಸಂಜೆಯ ಹೊತ್ತು, ಗದ್ದೆಯಿಂದ ಹಿಂತಿರುಗುವವರೆಲ್ಲ ಬೀದಿಯಲ್ಲಿದ್ದರು. ಮರೀಗೌಡನ ಮನೆಯ ಮುಂದೆ ನಿಂತು, ಎಲ್ಲರಿಗೂ ಕೇಳಿಸುವಂತೆ ಅವನ ಹೆಸರು ಕೂಗಿದರು. ಅವನು ಟವಲು ಹೆಗಲಿಗೆ ಹಾಕಿಕೊಂಡು ಗಾಬರಿಯಿಂದ ಹೊರಗೆ ಬಂದ.

"ಮರೀಗೌಡ, ನೀನು ಏನೂ ಕದ್ದಿಲ್ಲ. ನಾನು ತಪ್ಪು ತಿಳ್ಕೊಂಡೆ," ಎಂದು ಕಾರಿನ ಕೀಲಿಯನ್ನು ಅವನ ಕೈಗೆ ಕೊಟ್ಟರು. "ಆರ್ಡರ್ ನಾಳೆ ಕಳಿಸ್ತೀನಿ."

ಮರೀಗೌಡ ಕೀಲಿ ನೋಡಿದ, ಸಾಹೇಬರನ್ನು ನೋಡಿದ, ಟವಲಿನಿಂದ ಮುಖ ಮುಚ್ಚಿಕೊಂಡ. ಪಕ್ಕದ ಜಗಲಿಯಿಂದ ಯಾರೋ, "ಸಾಯೇಬ್ರಿಗೆ ಒಂದ್ ಲೋಟ ಮಜ್ಜಿಗೆನಾರ ಕೊಡ್ಲಾ, ಅದೇನ್ ಅಂಗ್ ನಿಂತ್ಕಂಡೆ," ಎಂದು ಗದರಿದರು. ನಾವಿಬ್ಬರೂ ಅಲ್ಲೇ ನಿಂತು ಮಜ್ಜಿಗೆ ಕುಡಿದೆವು.

ನಾನು ವರದಿ ಬರೆದು ಮುಗಿಸಿದ ಮೇಲೆ ಮೂರು ತಾಲ್ಲೂಕಿನ ಕಚೇರಿಗಳಿಗೂ ಒಂದು ಸೂಚನೆ ಕಳಿಸಿದೆ. ಊರೊಳಗೆ ಮಾತ್ರ ಓಡಾಡುವ ಕಾರುಗಳಿಗೆ ಕಿಲೋಮೀಟರ್ ಲೆಕ್ಕ ಸಲ್ಲದು. ಎಷ್ಟೇ ಕಡಿಮೆ ಓಡಿರಲಿ, ಮೂರು ತಿಂಗಳಿಗೊಮ್ಮೆ ಎಣ್ಣೆ ಬದಲಿಸಿ. ವಾರಕ್ಕೊಮ್ಮೆಯಾದರೂ ಎಂಜಿನ್ ಚೆನ್ನಾಗಿ ಕಾಯುವಷ್ಟು ದೂರ ಓಡಿಸಿ. ಕಡ್ಡಿಯಲ್ಲಿ ಎಣ್ಣೆ ಇಳಿಯುತ್ತಲೇ ಇಲ್ಲವೆಂದರೆ ಸಂತೋಷಪಡಬೇಡಿ, ನನಗೆ ತಿಳಿಸಿ. ಈಗಿನ ಎಂಜಿನ್ನುಗಳಿಗೆ ಚೋಕ್ ಎಳೆಯುವ ಗೋಳಿಲ್ಲ, ಎಣ್ಣೆಗಳೂ ಬೇರೆ. ಆದರೂ ನನ್ನ ಕಾರು ಹಾಲಿನ ಅಂಗಡಿಗೆ ಮಾತ್ರ ಹೋಗುವುದು ಎನ್ನುವವರಿಗೆ ನಾನು ಈಗಲೂ ಹೇಳುವುದು ಇಷ್ಟೇ: ಎಷ್ಟು ದೂರ ಹೋಯಿತು ಎಂದು ನೋಡಬೇಡಿ, ಎಷ್ಟು ಸಲ ತಣ್ಣಗೆ ಹೊತ್ತಿಸಿದಿರಿ ಎಂದು ನೋಡಿ.

ಪ್ರಸ್ಥಾನವೇನೂ ನಿಲ್ಲಲಿಲ್ಲ. ಮಗನ ಕೈ ಮುರಿದದ್ದನ್ನು ಕಂಡ ತಾಯಿಯ ಹೆದರಿಕೆ ನನ್ನ ವರದಿಯಿಂದ ಹೋಗುವಂಥದಲ್ಲ. ಆದರೆ ರುಕ್ಮಿಣಮ್ಮನವರು ಹಳೆಯ ಪದ್ಧತಿಗೇ ಹಿಂತಿರುಗಿದರು. ಮರುದಿನದಿಂದ ಮರೀಗೌಡ ಸೂರ್ಯ ಹುಟ್ಟುವ ಹೊತ್ತಿಗೆ ಸಾಹೇಬರ ಕೊಡೆಯನ್ನು ವಕೀಲರ ಗೇಟಿಗೆ ತೂಗುಹಾಕಿ ಬರತೊಡಗಿದ. ಒಂದು ಬೆಳಿಗ್ಗೆ ನಾನು ಆ ದಾರಿಯಲ್ಲಿ ಹೋಗುವಾಗ ಕೊಡೆ ಹಿಡಿದು ಎದುರಾದ. "ಇದೇ ವಾಸಿ ಸಾ," ಎಂದು ನಕ್ಕ. "ಇದ್ಕೆ ಎಣ್ಣೆ ಬ್ಯಾಡ, ಪೆಟ್ರೋಲೂ ಬ್ಯಾಡ."

ಭರ್ತಿ ಇದೆ ಎಂದು ಕಂಡದ್ದೆಲ್ಲ ಸರಿಯಾಗಿದೆ ಎಂದು ತಿಳಿಯಬಾರದು, ಏನು ತುಂಬಿಕೊಂಡಿದೆ ಎಂದು ನೋಡಬೇಕು. ಕೊರತೆ ಕಂಡ ತಕ್ಷಣ ಕಳ್ಳನನ್ನು ಹುಡುಕಲು ಹೊರಡಬಾರದು. ನನ್ನ ಕೆಲಸ ನನಗೆ ಕಲಿಸಿದ ಪಾಠ ಇದು. ಅವತ್ತಿನಿಂದ ನಿವೃತ್ತಿಯವರೆಗೆ, ಮನುಷ್ಯನ ಮೇಲೆ ದೂರು ಬಂದಾಗಲೆಲ್ಲ ನಾನು ಮೊದಲು ಯಂತ್ರವನ್ನೇ ವಿಚಾರಿಸುತ್ತಿದ್ದೆ.

ನಿವೃತ್ತನಾದ ಮೇಲೆ ಒಮ್ಮೆ ಮಂಡ್ಯಕ್ಕೆ ಹೋದಾಗ ಮರೀಗೌಡನನ್ನು ಹುಡುಕಿಕೊಂಡು ಗುತ್ತಲಿಗೆ ಹೋದೆ. ಮನೆಯಲ್ಲಿರಲಿಲ್ಲ. ನಾಲೆಯ ಕಡೆ ಹೋಗಿ ನೋಡಿ ಎಂದರು. ಅಲ್ಲಿ ಸಿಕ್ಕಿದ, ಮೀಸೆ ಪೂರ್ತಿ ಬೆಳ್ಳಗಾಗಿತ್ತು. ತೂಬಿನ ಹತ್ತಿರ ಗುದ್ದಲಿ ಊರಿ ನಿಂತು, ಇಬ್ಬರು ಜಗಳವಾಡುತ್ತಿದ್ದವರಿಗೆ ಯಾರ ಸರದಿ ಮೊದಲು ಎಂದು ಹೇಳುತ್ತಿದ್ದ. ಅವರು ಮರುಮಾತಾಡದೆ ಹೊರಟುಹೋದರು. ನನ್ನನ್ನು ಕಂಡು ಓಡಿಬಂದ.

"ಊರೋರೆಲ್ಲಾ ಸೇರ್ಕಂಡು ಸರದಿ ನೋಡ್ಕಳಾ ಕೆಲ್ಸ ನಂಗೇ ಒಪ್ಸವ್ರೆ ಸಾ," ಎಂದ. "ನೀರಿನ್ ಕೆಲ್ಸ, ಬ್ಯಾರೆ ಯಾರ್ನೂ ನಂಬಾಕಿಲ್ಲ ಅಂತಾರೆ."